ಮೇಸ್ತ್ರಿಗೆ ಮೇಷ್ಟ್ರ ಪರೀಕ್ಷೆ

ಗಂಡು ನೋಡಲು ಹೊರಟಾಗ ನಮ್ಮ ಜನ ನಡೆಸುವ ತನಿಖೆಗೆ ಪೊಲೀಸರೂ ತಲೆದೂಗಬೇಕು. ಹುಡುಗನ ಬೀದಿಗೆ ಹೋಗಿ, ಎದುರಿನ ಅಂಗಡಿಯಲ್ಲಿ ಎರಡು ಬಾಳೆಹಣ್ಣು ಕೊಂಡು, ‘ಆ ಮನೆಯವರು ಹೇಗೆ?’ ಎಂದು ಕೇಳುತ್ತಾರೆ. ಆಫೀಸಿನಲ್ಲಿ ಗುರುತಿನವರು ಯಾರಿದ್ದಾರೆ ಎಂದು ಹುಡುಕುತ್ತಾರೆ. ಸೋದರಮಾವನ ಸಾಲದವರೆಗೂ ಜಾಲಾಡುತ್ತಾರೆ. ಅದೇ ಜನ ಮನೆಯ ರಿಪೇರಿಗೆಂದು ಮೇಸ್ತ್ರಿಯನ್ನು ಗೊತ್ತುಮಾಡುವಾಗ ಮಾಡುವ ವಿಚಾರಣೆ ಇಷ್ಟೇ: ‘ನಮ್ಮ ಭಾವಮೈದ ಹೇಳಿದ, ಒಳ್ಳೆಯವನಂತೆ.’ ಅಷ್ಟಕ್ಕೇ ಐವತ್ತು ಸಾವಿರ ಮುಂಗಡ ಕೈಬದಲಾಗುತ್ತದೆ.

ಮೇಸ್ತ್ರಿಗಳ ಮೇಲೆ ನನಗೇನೂ ದ್ವೇಷವಿಲ್ಲ. ಮೇಷ್ಟ್ರು, ಮೇಸ್ತ್ರಿ ಎರಡೂ ದೂರದ ದಾಯಾದಿ ಶಬ್ದಗಳು. ಒಂದು ಇಂಗ್ಲಿಷರ ‘ಮಾಸ್ಟರ್’, ಇನ್ನೊಂದು ಪೋರ್ಚುಗೀಸರ ‘ಮೆಸ್ತ್ರೆ’. ಎರಡರ ಬೇರೂ ಲ್ಯಾಟಿನ್ನಿನ ‘ಮ್ಯಾಜಿಸ್ಟರ್’. ಆದರೆ ನಾವು ಮಕ್ಕಳಿಗೆ ವರ್ಷಕ್ಕೆ ಹತ್ತು ಸಲ ಪರೀಕ್ಷೆ ಮಾಡುತ್ತೇವೆ. ತಲೆಯ ಮೇಲಿನ ತಾರಸಿಗೆ ಕೈಹಾಕುವವರಿಗೆ ಒಂದೂ ಇಲ್ಲ.

ನಮ್ಮ ಮನೆ ತುಮಕೂರಿನಲ್ಲಿದೆ. ಅಪ್ಪ 1981ರಲ್ಲಿ, ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲದಲ್ಲಿ ಕಟ್ಟಿಸಿದ್ದು. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಅದರ ಮೇಲೆ ನೇರವಾಗಿ ಕೂರಿಸಿದ ನಾಲ್ಕಿಂಚಿನ ಆರ್‌ಸಿಸಿ ಮೋಲ್ಡ್. ಕಂಬಗಳಿಲ್ಲ. ಬಚ್ಚಲು, ಪಾಯಿಖಾನೆ ಹಿತ್ತಲಲ್ಲಿ. 2021ರ ನವೆಂಬರಿನಲ್ಲಿ ಅಕಾಲ ಮಳೆ ಹಿಡಿದು ಹೊಯ್ದಾಗ ಅಮ್ಮನ ಕೋಣೆಯ ಮೂಲೆ ತೊಟ್ಟಿಕ್ಕತೊಡಗಿತು. ಎಂಬತ್ತರ ಹತ್ತಿರದ ಅಮ್ಮ ರಾತ್ರಿ ಹೊತ್ತು ಪಾಚಿಗಟ್ಟಿದ ಹಿತ್ತಲು ದಾಟಿ ಹೋಗಬೇಕಿತ್ತು. ಆ ಚಳಿಗಾಲದಲ್ಲೇ ತೀರ್ಮಾನಿಸಿದೆವು: ತಾರಸಿ ರಿಪೇರಿ, ಅಮ್ಮನ ಕೋಣೆಗೆ ಹೊಂದಿಕೊಂಡಂತೆ ಬಚ್ಚಲು, ಜೊತೆಗೆ ನನ್ನ ಹೆಂಡತಿ ಮತ್ತು ಮಗಳ ಬಹುದಿನದ ಆಸೆಯಂತೆ ಅಡುಗೆಮನೆ ಮತ್ತು ಹಾಲ್ ನಡುವಿನ ಗೋಡೆ ತೆಗೆಯುವುದು. ಜಿಪಿಎಫ್‌ನಿಂದ ತೆಗೆದದ್ದೂ ಸೇರಿ ಕೈಯಲ್ಲಿ ಆರು ಲಕ್ಷ. ಮಗಳು ಆಗ ಎರಡನೇ ಪಿಯುಸಿ. ಮುಂದಿನ ವರ್ಷ ಅವಳ ಕಾಲೇಜಿನ ಫೀಜು ಬಾಯಿ ತೆರೆದು ಕಾಯುತ್ತಿತ್ತು. ಕೆಟ್ಟುಹೋದರೆ ಎರಡನೇ ಸಲ ಮಾಡಿಸುವ ದುಡ್ಡಲ್ಲ ಅದು.

ಮೂವರು ಮೇಸ್ತ್ರಿಗಳನ್ನು ಬೇರೆ ಬೇರೆ ದಿನ ಕರೆಸಿದೆವು. ಮೊದಲಿನವರು ಐದು ನಿಮಿಷ ಓಡಾಡಿ, ಮದುವೆ ಕಾಗದದ ಹಿಂಬದಿಯಲ್ಲಿ ‘4,20,000’ ಎಂದು ಬರೆದು ಕೈಗಿತ್ತರು. ಎರಡನೆಯವರದು ಟೈಪು ಮಾಡಿಸಿದ ಎರಡು ಪುಟದ ಪಟ್ಟಿ, 6,80,000. ಮೂರನೆಯವರು ಸ್ವಲ್ಪ ವಯಸ್ಸಾದವರು. ಟೇಪು ಹಿಡಿದು ಒಂದು ಗಂಟೆ ಅಳೆದು, ‘ನಾಳಿದ್ದು ಹೇಳ್ತೀನಿ ಮೇಷ್ಟ್ರೇ’ ಎಂದು ಹೋದವರು ನಾಲ್ಕನೆಯ ದಿನ ಬಂದರು. 5,75,000 ಎಂದರು. ಎರಡು ದಿನ ತಡವಾದದ್ದಕ್ಕೆ ನನ್ನ ಹೆಂಡತಿ ಅವರಿಗೆ ಆಗಲೇ ಮೈನಸ್ ಅಂಕ ಕೊಟ್ಟಿದ್ದಳು.

ದರ ನೋಡಿ ತೀರ್ಮಾನಿಸುವುದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವರೂ ಒಂದೇ ಕೆಲಸದ ದರ ಹೇಳಿರಲಿಲ್ಲ. ಮೊದಲಿನವರ ಲೆಕ್ಕದಲ್ಲಿ ಒಡೆದ ಇಟ್ಟಿಗೆ ಮಣ್ಣು ಸಾಗಿಸುವುದು ಸೇರಿರಲಿಲ್ಲ, ನಲ್ಲಿ ಪೈಪು ಸೇರಿರಲಿಲ್ಲ, ತಾರಸಿಗೆ ಬರೀ ಬಳಿಯುವ ಔಷಧಿ. ಮಗಳು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೆದು, ಮೂವರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ತುಂಬಿಸಿದಳು. ಆಮೇಲೆ ನೋಡಿದರೆ ಮೊದಲಿನವರ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಐದೂಮುಕ್ಕಾಲು ಲಕ್ಷವನ್ನು ದಾಟಿತ್ತು!

ನಾನು ಪ್ರಯೋಗಾಲಯದಲ್ಲಿ ಮಕ್ಕಳಿಗೆ ಹೇಳುವುದು, ವಸ್ತುವಿನ ಗುಣ ತಿಳಿಯಬೇಕಾದರೆ ಅದನ್ನೇ ಕೇಳಬೇಡಿ, ಅದು ಏನು ಮಾಡಿದೆ ಎಂದು ನೋಡಿ ಅಂತ. ಆಮ್ಲ ‘ನಾನು ಆಮ್ಲ’ ಎನ್ನುವುದಿಲ್ಲ, ಲಿಟ್ಮಸ್ ಕೆಂಪಾಗುತ್ತದೆ. ಮೇಸ್ತ್ರಿಯ ಲಿಟ್ಮಸ್ ಎಂದರೆ ಅವರು ಕಟ್ಟಿದ ಮನೆ. ಅದೂ ಹೊಸದಲ್ಲ. ಹೊಸ ಬಣ್ಣ ಬಳಿದ ಮನೆ ಹೊಸ ಮದುಮಗನಂತೆ, ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ. ಮೊಬೈಲಿನ ಪರದೆಯ ಮೇಲಂತೂ ಎಲ್ಲರ ಗೋಡೆಯೂ ನೇರ. ಆದ್ದರಿಂದ ಮೂವರಿಗೂ, ‘ಕನಿಷ್ಠ ಎರಡು ಮಳೆಗಾಲ ಕಳೆದಿರುವ, ನೀವು ರಿಪೇರಿ ಮಾಡಿದ ಮನೆ ತೋರಿಸಿ’ ಎಂದೆ. ಹೊಸ ಮನೆ ಕಟ್ಟುವುದೇ ಬೇರೆ, ಹಳೆಯದಕ್ಕೆ ಹೊಸದನ್ನು ಬೆಸೆಯುವುದೇ ಬೇರೆ. ಮೊದಲಿನವರು ‘ಅದಕ್ಕೇನ್ ಸಾರ್’ ಎಂದು ಹೋದವರು ವಿಳಾಸ ಕೊಡಲೇ ಇಲ್ಲ. ಉಳಿದಿಬ್ಬರು ಎರಡೆರಡು ಕೊಟ್ಟರು.

ಭಾನುವಾರ ನಾನು, ಹೆಂಡತಿ, ಮಗಳು ಸ್ಕೂಟರು, ಬಸ್ಸು ಹಿಡಿದು ಹೊರಟೆವು. ಮುಂಚೆಯೇ ಫೋನು ಮಾಡಿ ಒಪ್ಪಿಗೆ ಪಡೆದಿದ್ದೆವು. ಏನು ನೋಡಬೇಕು ಎಂಬುದನ್ನು ವಿದ್ಯಾರ್ಥಿಗಳೂ ಕಲಿಯಬಹುದು, ಯಾವ ಯಂತ್ರವೂ ಬೇಡ. ಬಚ್ಚಲಿನ ನೆಲದ ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ಜಾಲರಿಯತ್ತ ತಾನೇ ಓಡಬೇಕು, ಮೂಲೆಯಲ್ಲಿ ನಿಂತರೆ ಇಳಿಜಾರು ತಪ್ಪಿದೆ. ರೂಪಾಯಿ ನಾಣ್ಯದಿಂದ ಟೈಲ್ಸನ್ನು ತಟ್ಟುತ್ತಾ ಹೋಗಿ. ಕೆಳಗೆ ಗಾರೆ ತುಂಬಿದ್ದರೆ ಗಟ್ಟಿ ಸದ್ದು, ಟೊಳ್ಳಾಗಿದ್ದರೆ ಮಡಕೆಯ ಸದ್ದು. ಬಚ್ಚಲಿನ ಒಳಗೋಡೆಗಿಂತ ಅದರ ಆಚೆ ಬದಿಯ ಗೋಡೆ ನೋಡಿ, ತೇವ ಅಲ್ಲಿ ಬಣ್ಣ ಉಬ್ಬಿಸಿರುತ್ತದೆ. ಕೋಣೆಯ ಮೂಲೆ ಮೂಲಮಟ್ಟವಾಗಿದೆಯೇ ಎಂದು ತಿಳಿಯಲು ಒಂದು ಗೋಡೆಗುಂಟ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ; ನಡುವಿನ ಓರೆ ದೂರ 5 ಅಡಿ ಬರಬೇಕು. ‘ಪೈಥಾಗರಸ್ ಪ್ರಮೇಯದಿಂದ ಏನು ಉಪಯೋಗ ಸಾರ್?’ ಎಂದು ಹತ್ತನೇ ತರಗತಿಯಲ್ಲಿ ಕೇಳುವವರಿಗೆ ನಾನು ಈಗ ಈ ಉತ್ತರ ಕೊಡುತ್ತೇನೆ. ಗಾರೆ ಕೆಲಸದವರು ಹೆಸರು ಗೊತ್ತಿಲ್ಲದೆಯೂ ಅದನ್ನು ದಿನಾ ಬಳಸುತ್ತಾರೆ. ಎಲ್ಲಕ್ಕಿಂತ ಮುಖ್ಯ, ಹಳೆ ಗೋಡೆ ಮತ್ತು ಹೊಸ ಗೋಡೆ ಕೂಡುವ ಜಾಗ. ಹಳೆಯದರಲ್ಲಿ ಒಂದು ವರಸೆ ಬಿಟ್ಟು ಒಂದು ವರಸೆ ಇಟ್ಟಿಗೆ ಕಿತ್ತು ಹೊಸದನ್ನು ಹೆಣೆದಿದ್ದರೆ ಸರಿ. ಬರೀ ಒತ್ತಿ ಕಟ್ಟಿ ಮೇಲೆ ಗಾರೆ ಬಳಿದಿದ್ದರೆ ಎರಡು ವರ್ಷದೊಳಗೆ ಅಲ್ಲಿ ನೆಟ್ಟಗೆ ಒಂದು ಬಿರುಕು ಬಂದಿರುತ್ತದೆ. ಎರಡನೆಯ ಮೇಸ್ತ್ರಿಯ ಒಂದು ಮನೆಯಲ್ಲಿ ಬಂದಿತ್ತು. ಮನೆಯವರು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು.

ಮನೆಯ ಯಜಮಾನರನ್ನು ‘ಕೆಲಸ ಹೇಗೆ?’ ಎಂದು ಕೇಳಿ ಪ್ರಯೋಜನವಿಲ್ಲ. ಎಲ್ಲರೂ ‘ಪರವಾಗಿಲ್ಲ’ ಎನ್ನುತ್ತಾರೆ. ಈ ಪರವಾಗಿಲ್ಲ ಎಂಬುದು ಕನ್ನಡದಲ್ಲಿ ಬಹಳ ಚೆನ್ನಾಗಿದೆ ಎಂಬುದರಿಂದ ಹಿಡಿದು ಹಣೆಬರಹ ಎಂಬುವವರೆಗೆ ಯಾವ ಅರ್ಥವನ್ನಾದರೂ ಕೊಡಬಲ್ಲದು. ಲಕ್ಷಗಟ್ಟಲೆ ಸುರಿದವರು ಕೆಲಸ ಕೆಟ್ಟಿತು ಎಂದು ಅಪರಿಚಿತರ ಮುಂದೆ ಒಪ್ಪುವುದೂ ಕಷ್ಟ. ಉತ್ತರದಲ್ಲಿ ಅಂಕಿ ಇರುವ ಪ್ರಶ್ನೆ ಕೇಳಬೇಕು. ಮೊದಲು ಹೇಳಿದ್ದೆಷ್ಟು, ಕೊನೆಗೆ ಆದದ್ದೆಷ್ಟು? ಎಷ್ಟು ದಿನ ಎಂದಿದ್ದರು, ಎಷ್ಟು ಹಿಡಿಯಿತು? ಕೊನೆಯ ಕಂತು ಕೊಟ್ಟ ಮೇಲೆ ಕರೆದಾಗ ಎಷ್ಟು ಸಲ ಬಂದರು? ಇದನ್ನು ಗಂಡಸರಿಗಿಂತ ಮನೆಯಾಕೆಯನ್ನು ಕೇಳುವುದು ಮೇಲು. ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ಹತ್ತು ನಿಮಿಷದಲ್ಲಿ ತಂದ ವರದಿಯ ಮುಂದೆ ನನ್ನ ಅರ್ಧ ಗಂಟೆಯ ಹಾಲ್ ಸಂಭಾಷಣೆ ಏನೂ ಅಲ್ಲ. ಮೂರನೆಯವರ ಬಗ್ಗೆ ಒಬ್ಬ ಗೃಹಿಣಿ ಹೇಳಿದರಂತೆ: ‘ಹೇಳಿದ್ದಕ್ಕಿಂತ ಇಪ್ಪತ್ತೆರಡು ದಿನ ತಡ ಮಾಡಿದರು. ಆದರೆ ಬೇಸಿನ್ ಸೋರುತ್ತೆ ಅಂದಾಗ ಮಾರನೇ ದಿನ ಬಂದು ಸರಿಮಾಡಿದರು, ಕಾಸು ಕೇಳಲಿಲ್ಲ.’

ನಡೆಯುತ್ತಿರುವ ಕೆಲಸವನ್ನೂ ಒಮ್ಮೆ ನೋಡಬೇಕು. ಅದಕ್ಕೆ ಒಳ್ಳೆಯ ಹೊತ್ತು ವಾರದ ಬಟವಾಡೆಯ ಸಂಜೆ. ಕೂಲಿಯವರು ಕೈಕಾಲು ತೊಳೆದು ಸಾಲಾಗಿ ಕೂತಿರುತ್ತಾರೆ. ದುಡ್ಡು ಲೆಕ್ಕದಂತೆ ಕೈಗೆ ಬರುತ್ತಿದೆಯೋ, ‘ಮುಂದಿನ ವಾರ ನೋಡೋಣ’ ಆಗುತ್ತಿದೆಯೋ ನಿಂತು ನೋಡಿದರೆ ತಿಳಿಯುತ್ತದೆ. ಕೂಲಿ ಬಾಕಿ ಇಟ್ಟುಕೊಂಡ ಕಂಟ್ರಾಕ್ಟರು ನಿಮ್ಮ ಮುಂಗಡದಿಂದ ಹಿಂದಿನ ಮನೆಯ ಬಾಕಿ ತೀರಿಸುತ್ತಾರೆ. ನಿಮ್ಮ ಕೆಲಸ ಮುಂದಿನ ಮನೆಯ ಮುಂಗಡ ಬರುವವರೆಗೆ ನಿಲ್ಲುತ್ತದೆ. ಮೂರನೆಯವರ ಕಡೆಯ ಇಬ್ಬರು ಹೆಂಗಸರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿಕೊಂಡಿದ್ದರು. ಅದಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ‘ಮೇಸ್ತ್ರಿನೇ ಬರೆಸಿಕೊಟ್ಟರು’ ಎಂದರು. ಆ ಮಾತಿಗೆ ಮಗಳು ತನ್ನ ನೋಟ್‌ಬುಕ್ಕಿನಲ್ಲಿ ಒಂದು ನಕ್ಷತ್ರ ಹಾಕಿದಳು.

ಎರಡನೆಯವರ ಕಟ್ಟಡದ ಮುಂದೆ ಮರಳಿನ ಗುಡ್ಡೆ ಇತ್ತು. ‘ಅಸಲಿ ಹೊಳೆ ಮರಳು ಸಾರ್’ ಎಂದರು ಅವರು. ಒಂದು ಹಿಡಿ ಕೊಡಿ ಎಂದು ಕೇಳಿ ಪೊಟ್ಟಣ ಕಟ್ಟಿಸಿಕೊಂಡು ಬಂದೆವು. ಶಾಲೆಯ ಅಳತೆ ಜಾಡಿಯಲ್ಲಿ ಉಪ್ಪು ನೀರು ಹಾಕಿ, ಮರಳು ಸುರಿದು, ಚೆನ್ನಾಗಿ ಕುಲುಕಿ ಮೂರು ಗಂಟೆ ಇಟ್ಟೆವು. ಉಪ್ಪು ಏಕೆಂದರೆ ಜೇಡಿಯ ಸೂಕ್ಷ್ಮ ಕಣಗಳು ಬರೀ ನೀರಿನಲ್ಲಿ ತೇಲುತ್ತಲೇ ಇರುತ್ತವೆ. ಉಪ್ಪಿದ್ದರೆ ಒಂದಕ್ಕೊಂದು ಅಂಟಿ ಬೇಗ ತಳಕ್ಕಿಳಿಯುತ್ತವೆ. ಹೊಳೆಗಳು ಸಮುದ್ರ ಸೇರುವಲ್ಲಿ ಹೂಳು ಕೂರುವುದರಲ್ಲೂ ಇದೇ ಕ್ರಿಯೆಯ ಪಾಲಿದೆ. ಕೆಳಗೆ 100 ಮಿಲಿಲೀಟರ್ ಗುರುತಿನವರೆಗೆ ಮರಳು, ಅದರ ಮೇಲೆ ಕೆಂಪಗೆ 17 ಮಿಲಿಲೀಟರ್ ಮಣ್ಣು ಕೂತಿತ್ತು. ಕಟ್ಟಡದ ಜಾಗದಲ್ಲಿ ಮಾಡುವ ಈ ಪರೀಕ್ಷೆಗೆ ಇಂಜಿನಿಯರುಗಳು ಇಟ್ಟುಕೊಳ್ಳುವ ಮಿತಿ ಶೇಕಡ 8. ಹೊಲದ, ಕೆರೆಯಂಗಳದ ಮಣ್ಣನ್ನು ತೊಳೆದು ಮಾಡುವ ‘ಫಿಲ್ಟರ್ ಮರಳು’ ನಮ್ಮ ಕಡೆ ಗುಟ್ಟೇನಲ್ಲ. ಮಣ್ಣು ಮರಳ ಕಣಕ್ಕೂ ಸಿಮೆಂಟಿಗೂ ನಡುವೆ ಕೂತು ಅಂಟು ಕೆಡಿಸುತ್ತದೆ. (ಎಂ-ಸ್ಯಾಂಡಿಗೆ ಈ ಮಿತಿ ಅನ್ವಯಿಸಬೇಡಿ, ಅದರಲ್ಲಿ ಕಲ್ಲಿನ ಪುಡಿ ಹೆಚ್ಚಿರುವುದು ಸಹಜ.)

ಸಿಮೆಂಟಿನ ವಿಷಯಕ್ಕೆ ಒಂದೇ ಮಾತು. ಚೀಲದ ಮೇಲಿನ 43, 53 ಎಂಬುವು ಅಂಕಪಟ್ಟಿಯ ಅಂಕಗಳಲ್ಲ. 28 ದಿನಗಳಲ್ಲಿ ಆ ಸಿಮೆಂಟಿನ ಗಾರೆ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ ಅಷ್ಟು ನ್ಯೂಟನ್ ಒತ್ತಡ ತಡೆಯಬೇಕು ಎಂದರ್ಥ. ಅದಕ್ಕಿಂತ ಮುಖ್ಯವಾದದ್ದು ಪಕ್ಕದಲ್ಲಿ ಅಚ್ಚಾಗಿರುವ ವಾರ ಮತ್ತು ವರ್ಷ. ಮೂರು ತಿಂಗಳು ದಾಟಿದ ಚೀಲ ಮತ್ತೆ ಪರೀಕ್ಷೆಯಾಗದೆ ಬಳಕೆಗೆ ಯೋಗ್ಯವಲ್ಲ. ಮೇಸ್ತ್ರಿಗೆ ಆ ಅಂಕಿ ಓದಲು ಬರುತ್ತದೆಯೇ ಎಂದು ಕೇಳಿ ನೋಡಿ.

ಇಷ್ಟೆಲ್ಲ ಆದರೂ ನನ್ನ ಮನಸ್ಸಿನಲ್ಲಿದ್ದ ನಿಜವಾದ ಪರೀಕ್ಷೆ ಬೇರೆಯಿತ್ತು. ಮಾಡಬಾರದ ಕೆಲಸವೊಂದನ್ನು ಮಾಡಿಕೊಡಿ ಎಂದು ಕೇಳಿದರೆ ಏನು ಹೇಳುತ್ತಾರೆ? ಅದಕ್ಕೆ ಸುಳ್ಳು ಪ್ರಶ್ನೆ ಹುಡುಕುವ ಅಗತ್ಯವಿರಲಿಲ್ಲ, ಅಡುಗೆಮನೆಯ ಗೋಡೆಯೇ ಇತ್ತಲ್ಲ.

ಮೊದಲಿನವರು, ‘ಬೆಳಿಗ್ಗೆ ನಾಲ್ಕು ಜನ ಬಿಟ್ಟರೆ ಸಂಜೆಗೆ ಕ್ಲೀನು ಸಾರ್’ ಎಂದಿದ್ದರು. ಎರಡನೆಯವರು ತಲೆ ಎತ್ತಿ ಸೂರನ್ನೂ ನೋಡದೆ, ‘ಒಂದು ಬೀಮ್ ಕೊಟ್ಟುಬಿಡೋಣ, ಇಪ್ಪತ್ತು ಸಾವಿರ ಎಕ್ಸ್‌ಟ್ರಾ’ ಎಂದರು. ಮೂರನೆಯವರು ಗೋಡೆಯ ದಪ್ಪ ಅಳೆದರು, ತಾರಸಿ ಹತ್ತಿ ನೋಡಿ ಬಂದರು. ಗೋಡೆಯ ಮೇಲೆ ಅಂಗೈ ಇಟ್ಟು, ‘ಮೇಷ್ಟ್ರೇ, ಎರಡು ಕಡೆಯ ಮೋಲ್ಡೂ ಇದರ ಮೇಲೇ ಕೂತಿದೆ. ಇಂಜಿನಿಯರ್ ಬಂದು ನೋಡಿ ಬರೆದುಕೊಡದೆ ನಾನು ಮುಟ್ಟಲ್ಲ. ನೀವು ಬೇರೆಯವರ ಕೈಲಿ ಮಾಡಿಸಿದ್ರೂ ಬೇಜಾರಿಲ್ಲ’ ಎಂದರು.

ಆ ಸಂಜೆ ಮಗಳಿಗೆ ಲೆಕ್ಕ ಮಾಡಿ ತೋರಿಸಿದೆ. ಆರ್‌ಸಿಸಿ ಒಂದು ಘನ ಮೀಟರಿಗೆ ಸುಮಾರು 2500 ಕಿಲೋ ತೂಗುತ್ತದೆ. ಹತ್ತು ಅಡಿ, ಹನ್ನೆರಡು ಅಡಿಯ ಕೋಣೆಯ ಮೇಲಿನ ನಾಲ್ಕಿಂಚಿನ ಮೋಲ್ಡೇ 2800 ಕಿಲೋದಷ್ಟು. ಮೂರು ಕಾರುಗಳನ್ನು ಸೂರಿನ ಮೇಲೆ ನಿಲ್ಲಿಸಿದ ಹಾಗೆ. ಎರಡು ಪುಸ್ತಕದ ಕಟ್ಟುಗಳ ಮೇಲೆ ಪ್ಲಾಸ್ಟಿಕ್ ಸ್ಕೇಲ್ ಇಟ್ಟು, ನಡುವೆ ಮೂರನೇ ಕಟ್ಟು ಕೊಟ್ಟರೆ ಅದು ನೆಟ್ಟಗಿರುತ್ತದೆ. ನಡುವಿನದನ್ನು ಎಳೆದುಬಿಡಿ, ಸ್ಕೇಲ್ ಜೋತುಬೀಳುತ್ತದೆ. ಆಧಾರಗಳ ನಡುವಿನ ಅಂತರ ಇಮ್ಮಡಿಯಾದರೆ ಚಪ್ಪಡಿಯನ್ನು ಬಗ್ಗಿಸಿ ಮುರಿಯಲು ನೋಡುವ ಪ್ರಭಾವ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಸ್ಕೇಲ್ ಬಗ್ಗಿ ತಡೆದುಕೊಳ್ಳುತ್ತದೆ. ನಲವತ್ತು ವರ್ಷದ ಕಾಂಕ್ರೀಟು ತಡೆಯುವುದಿಲ್ಲ.

ಕೊರಿಯಾದ ಸೋಲ್ ನಗರದಲ್ಲಿ ಸಾಂಪೂಂಗ್ ಎಂಬ ಐದಂತಸ್ತಿನ ಮಳಿಗೆ 1995ರ ಜೂನ್ 29ರಂದು ಕುಸಿದು 502 ಜನ ಸತ್ತರು. ಕಟ್ಟುವಾಗಲೇ ಮಾಲೀಕರು ನಕ್ಷೆ ಬದಲಿಸಿ, ಮೆಟ್ಟಿಲುಯಂತ್ರಗಳಿಗೆ ಜಾಗ ಮಾಡಲು ಆಧಾರ ಕಂಬಗಳನ್ನು ತೆಗೆಸಿದ್ದರು, ಮೇಲೆ ಒಂದು ಅಂತಸ್ತು ಏರಿಸಿದ್ದರು. ಮೊದಲಿನ ಕಂಟ್ರಾಕ್ಟರ್ ಕಂಪನಿ ಆ ಬದಲಾವಣೆಗಳಿಗೆ ಒಪ್ಪಲಿಲ್ಲ. ಮಾಲೀಕರು ಅವರನ್ನು ಬಿಡಿಸಿ, ತಮ್ಮದೇ ಕಂಪನಿಯಿಂದ ಕೆಲಸ ಮುಗಿಸಿದರು. ನಮ್ಮ ಅಡುಗೆಮನೆಗೂ ಆ ಮಹಲಿಗೂ ಎಲ್ಲಿಯ ಹೋಲಿಕೆ ಎನ್ನಬಹುದು. ಭೂಮಿಯ ಗುರುತ್ವಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇಂಜಿನಿಯರೊಬ್ಬರನ್ನು ಕರೆಸಿ ಐದು ಸಾವಿರ ಕೊಟ್ಟೆವು. ಗೋಡೆ ಪೂರ್ತಿ ತೆಗೆಯಬೇಕಾದರೆ ಮೊದಲು ಸೂರಿಗೆ ಆಸರೆ ಕೊಟ್ಟು, ಉಕ್ಕಿನ ತೊಲೆ ಕೂರಿಸಿ, ಅದರ ಎರಡು ತುದಿಗೂ ಕೆಳಗೆ ಪಾಯದವರೆಗೆ ಆಧಾರ ಕೊಡಬೇಕು; ನಿಮ್ಮ ಆರು ಲಕ್ಷದಲ್ಲಿ ಆಗುವ ಮಾತಲ್ಲ ಎಂದರು. ಲಿಂಟಲ್ ಕೂರಿಸಿ ನಾಲ್ಕಡಿಯ ತೆರಪು ಮಾಡಿಕೊಳ್ಳಬಹುದು ಎಂದು ಬರೆದುಕೊಟ್ಟರು. ನನ್ನ ಹೆಂಡತಿಗೆ ನಿರಾಶೆಯಾಯಿತು. ಈಗಲೂ ಟೀವಿಯಲ್ಲಿ ತೆರೆದ ಅಡುಗೆಮನೆ ಕಂಡಾಗ ನನ್ನ ಕಡೆ ಒಮ್ಮೆ ನೋಡುತ್ತಾಳೆ.

ಮೂರನೆಯವರನ್ನೇ ಗೊತ್ತುಮಾಡಿದೆವು. ಕರಾರನ್ನು ಮಗಳು ಕನ್ನಡದಲ್ಲೇ ಎರಡು ಪುಟ ಬರೆದಳು: ಯಾವ ಸಾಮಾನು ಯಾರು ತರುವುದು, ಮುಂಗಡ ಹತ್ತನೇ ಒಂದು ಪಾಲು, ಯಾವ ಹಂತ ಮುಗಿದರೆ ಎಷ್ಟು, ಹೊಸ ಕಾಂಕ್ರೀಟಿಗೆ ಎಷ್ಟು ದಿನ ನೀರು ಕಟ್ಟುವುದು, ಸಾರವೆಯಿಂದ ಯಾರಾದರೂ ಬಿದ್ದರೆ ಚಿಕಿತ್ಸೆ ಯಾರದು, ಬರೆದುಕೊಳ್ಳದೆ ಯಾವ ಹೆಚ್ಚುವರಿ ಕೆಲಸವೂ ಇಲ್ಲ. ಕೊನೆಯ ಹತ್ತು ಪರ್ಸೆಂಟನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದು ಎಂದು ನಾನು ಸೇರಿಸಿದ್ದೆ. ಮೇಸ್ತ್ರಿ ಅದಕ್ಕೆ ಒಪ್ಪಲಿಲ್ಲ. ‘ಅಷ್ಟು ದಿನ ಹಿಡ್ಕೊಂಡ್ರೆ ಹುಡುಗರಿಗೆ ಏನು ಕೊಡಲಿ?’ ಎಂದರು. ನ್ಯಾಯದ ಮಾತೇ. ಐದು ಪರ್ಸೆಂಟು, ಮೂರು ತಿಂಗಳು ಎಂದು ರಾಜಿಯಾಯಿತು.

ಇಂಥ ಕರಾರು, ರಸೀತಿಗಳನ್ನು ಜೋಪಾನ ಮಾಡಿಕೊಳ್ಳಲು ಇನ್ನೊಂದು ಕಾರಣವಿದೆ. ಮನೆ ನಿರ್ಮಾಣದ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ 1993ರಲ್ಲೇ ಬಂದಿದೆ, 2019ರ ಹೊಸ ಕಾಯ್ದೆಯಲ್ಲೂ ಇದೆ. ಕೆಲಸ ಕೆಟ್ಟರೆ ಎರಡು ವರ್ಷದೊಳಗೆ ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬಾಯಿಮಾತಿನಲ್ಲಿ ನಡೆದ ವ್ಯವಹಾರವನ್ನು ಅಲ್ಲಿ ಸಾಬೀತು ಮಾಡುವುದು ಹೇಗೆ ಎಂದು ಯೋಚಿಸಿ.

ಸಂಕ್ರಾಂತಿ ಕಳೆದು ಕೆಲಸ ಶುರುವಾಯಿತು. ಆಮೇಲೊಂದು ದಿನ ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯವರು ನಗುತ್ತಾ ಹೇಳಿದರು: ‘ನಿಮ್ಮ ಮೇಸ್ತ್ರಿ ನಿಮ್ಮ ವಿಚಾರ ಕೇಳ್ಕೊಂಡು ಬಂದಿದ್ರು ಸಾರ್, ಕರಾರಿಗೆ ಮುಂಚೆ. ದುಡ್ಡು ಸರಿಯಾಗಿ ಕೊಡ್ತಾರಾ, ದಿನಕ್ಕೊಂದು ಪ್ಲಾನ್ ಬದಲಾಯಿಸ್ತಾರಾ ಅಂತ. ಹಿಂದೆ ಬಣ್ಣ ಹೊಡೆದವನನ್ನೂ ಕೇಳಿದ್ರಂತೆ.’ ನಾಲ್ಕನೆಯ ದಿನ ಬಂದದ್ದು ಅದಕ್ಕೇ ಎಂದು ಆಗ ಹೊಳೆಯಿತು. ಹೆಂಡತಿ ಕೊಟ್ಟಿದ್ದ ಮೈನಸ್ ಅಂಕವನ್ನು ವಾಪಸು ಪಡೆದಳು.

ಕೆಲಸ ಹದಿನೈದು ದಿನ ತಡವಾಗಿ ಮುಗಿಯಿತು. 2022ರ ಮಳೆಗಾಲ ನಮ್ಮ ಕಡೆ ಜೋರಾಗಿಯೇ ಇತ್ತು, ಅಮ್ಮನ ಕೋಣೆಯ ಮೂಲೆ ಒಣಗಿಯೇ ಇತ್ತು. ಈಗ ಆ ಮೇಸ್ತ್ರಿ ತಮ್ಮ ಹೊಸ ಗಿರಾಕಿಗಳನ್ನು ನಮ್ಮ ಮನೆಗೆ ಕಳಿಸುತ್ತಾರೆ. ಬಂದವರನ್ನು ಅಮ್ಮನೇ ಕರೆದೊಯ್ದು ಬಚ್ಚಲು ತೋರಿಸುತ್ತಾಳೆ, ಚೊಂಬಿನಲ್ಲಿ ನೀರು ಸುರಿದು, ‘ನೋಡಿ ಹೆಂಗೆ ಓಡುತ್ತೆ’ ಎನ್ನುತ್ತಾಳೆ. ಆಮೇಲೆ ತಪ್ಪದೆ ಕಿಟಕಿಯ ಹತ್ತಿರ ನಿಲ್ಲಿಸಿ, ‘ಈ ಬಾಗಿಲು ಮಾತ್ರ ಮಳೆಗಾಲದಲ್ಲಿ ಹಿಡ್ಕೊಳ್ಳುತ್ತೆ. ಬರ್ತೀನಿ ಅಂದಿದ್ದಾರೆ ಮೇಸ್ತ್ರಿ, ಇನ್ನೂ ಬಂದಿಲ್ಲ. ನೀವು ಹೋದಾಗ ಸ್ವಲ್ಪ ಜ್ಞಾಪಿಸಿ’ ಎಂದು ಹೇಳಿ ಕಳಿಸುತ್ತಾಳೆ.